‘ಜ್ಯೋತಿ’: ಭಾನುವಾರದ ನಮ್ಮ ಸರದಿಯಲ್ಲಿ ನಾನು ಹಾಕಿದ ರೆಕಾರ್ಡ್

ಭಾನುವಾರ ಸಂಜೆ ಐದಕ್ಕೆ ನಾವು ನಾಲ್ಕು ಜನ ದಾವಣಗೆರೆ ವಿದ್ಯಾನಗರದ ನಮ್ಮ ಮನೆ ಮಹಡಿಯಲ್ಲಿ ಸೇರುತ್ತೇವೆ. ಆ ವಾರ ಕೇಳಿದ ಒಂದು ಜಾಝ್ ಆಲ್ಬಂ ತರಬೇಕು, ಯಾಕೆ ತಂದೆ ಅಂತ ಹೇಳಬೇಕು, ಅಷ್ಟೇ ನಿಯಮ. ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಇದ್ದೇ ಇರುತ್ತವೆ. ಎಣ್ಣೆ ಕೈಯಲ್ಲಿ ಮಾತ್ರ ಯಾರೂ ರೆಕಾರ್ಡ್ ಮುಟ್ಟುವ ಹಾಗಿಲ್ಲ.

ಈ ಸಲ ಚೌಕಿಪೇಟೆಯ ಬಟ್ಟೆ ಅಂಗಡಿಯವರು ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ತಂದಿದ್ದರು. ಇನ್ನೊಬ್ಬ ಗೆಳೆಯರು ಹೋಟೆಲ್ ನಡೆಸುತ್ತಾರೆ. ಅವರದ್ದು ಬಿಲ್ ಇವಾನ್ಸ್ ಅವರ ‘ವಾಲ್ಟ್ಜ್ ಫಾರ್ ಡೆಬ್ಬಿ’. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ, ಗಿರಾಕಿಗಳು ಕೂತಿರುವಾಗಲೇ ಮುದ್ರಿಸಿಕೊಂಡದ್ದು. ಪಿಯಾನೋ ಹಿಂದೆ ಲೋಟ ತಾಗುವ ಸದ್ದು ಕೇಳುತ್ತದೆ. "ಇದು ನನ್ನ ಹೋಟೆಲ್ ಸದ್ದೇ" ಅನ್ನುತ್ತಾರೆ ಅವರು. ಅದರಲ್ಲಿ ಬಾಸ್ ನುಡಿಸಿದ ಸ್ಕಾಟ್ ಲಫಾರೋ ಅದಾಗಿ 11 ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು. ಬರೀ 25 ವರ್ಷ. ಅದು ಗೊತ್ತಾದ ಮೇಲೆ ಲೋಟದ ಸದ್ದು ಕೂಡ ಬೇರೆ ಥರ ಕೇಳಿಸುತ್ತದೆ.

ನಾನು ಹಾಕಿದ್ದು ‘ಜ್ಯೋತಿ’. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಮತ್ತು ಬೆಂಗಳೂರಿನ ತಾಳವಾದ್ಯ ಸಂಸ್ಥೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸೇರಿ ಮಾಡಿದ ಆಲ್ಬಂ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ಮುದ್ರಿಸಿದ್ದು. ಹಾಡು ಮತ್ತು ತಂಬೂರಿ ಆರ್.ಎ. ರಮಾಮಣಿ. ಮೃದಂಗ ಟಿ.ಎ.ಎಸ್. ಮಣಿ. 1964ರಲ್ಲಿ ಈ ಸಂಸ್ಥೆ ಕಟ್ಟಿದವರು ಅವರೇ. ಘಟ, ಮೋರ್ಚಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಮರಿಯಾನೋ ಸೊಪ್ರಾನೋ ಸ್ಯಾಕ್ಸೋಫೋನ್ ಮತ್ತು ಕೊಳಲು ನುಡಿಸಿದ್ದಾರೆ. ಪಿಯಾನೋ ಇಲ್ಲ, ಡ್ರಮ್ಸ್ ಇಲ್ಲ. ಇದು ಜಾಝ್ ಹೌದೋ ಅಲ್ಲವೋ ಅಂತ ನಮ್ಮಲ್ಲೇ ಸ್ವಲ್ಪ ಹೊತ್ತು ಜಗಳವಾಯಿತು.

ಮೊದಲು ನಾನು ತಗೊಂಡ ಪ್ರತಿಯ ಬಗ್ಗೆ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಉಪಯೋಗವಾಗಲಿ. ಸೆಕೆಂಡ್ ಹ್ಯಾಂಡ್ ಎಲ್‌ಪಿ, 2,600 ರೂಪಾಯಿ. ಏಪ್ರಿಲ್ ತಿಂಗಳು, ನಮ್ಮೂರಿನ ಬಿಸಿಲು ಗೊತ್ತಲ್ಲ. ಕೊರಿಯರ್‌ನವರು ಎರಡು ದಿನ ಪಾರ್ಸೆಲ್ಲನ್ನು ಬಿಸಿಲು ಬೀಳುವ ಶೀಟಿನ ಕೆಳಗೆ ಇಟ್ಟಿದ್ದರು. ಬಿಚ್ಚಿ ನೋಡಿದರೆ ಹಂಚಿನ ಮೇಲಿನ ರೊಟ್ಟಿ ಹಾಗೆ ಒಂದು ಅಂಚು ಎದ್ದಿತ್ತು. ನನಗೆ ಅಳು ಬಂತು. ಗ್ಲಾಸ್ ಅಂಗಡಿಯಲ್ಲಿ ಎರಡು ದಪ್ಪ ಗಾಜು ಕತ್ತರಿಸಿಕೊಂಡು ಬಂದು, ನಡುವೆ ರೆಕಾರ್ಡ್ ಇಟ್ಟು, ಮೇಲೆ ಹತ್ತು ಕೆಜಿ ಅಕ್ಕಿ ಚೀಲ ಹೇರಿದೆ. ಮೂರು ವಾರ ಮುಟ್ಟಲಿಲ್ಲ. ಬಹಳಷ್ಟು ಇಳಿಯಿತು, ಪೂರ್ತಿ ಅಲ್ಲ. ಈಗಲೂ ಸೂಜಿ ಅಂಚಿನಲ್ಲಿ ಮೆಲ್ಲಗೆ ಏರಿ ಇಳಿಯುತ್ತದೆ.

ಕಷ್ಟ ಏನೆಂದರೆ, ಅಂಚಿನಲ್ಲಿ ಇರುವುದು ಮೊದಲ ಹಾಡು. ಅದು ರಮಾಮಣಿಯವರ ದನಿ ಒಂದೇ. ಮುಚ್ಚಿಕೊಳ್ಳುವುದಕ್ಕೆ ಮೃದಂಗವೂ ಇಲ್ಲ, ಸ್ಯಾಕ್ಸೂ ಇಲ್ಲ. ಉದ್ದ ಎಳೆದು ನಿಲ್ಲಿಸಿದ ಸ್ವರ ಒಂದು ಕೂದಲೆಳೆಯಷ್ಟು ಜೋಲಿ ಹೊಡೆಯುತ್ತದೆ. ನನಗೆ ಗೊತ್ತೇ ಆಗಿರಲಿಲ್ಲ. ಅಮ್ಮ ಕೆಳಗಿನಿಂದ ಅಕ್ಕಿ ಆರಿಸುವ ಮೊರ ಹಿಡಿದುಕೊಂಡೇ ಮೇಲೆ ಬಂದರು. ಬಾಗಿಲಲ್ಲಿ ನಿಂತರು. "ಯಾರು ಹಾಡ್ತಿರೋದು? ಎಷ್ಟು ಚೆನ್ನಾಗಿದೆ! ಆದ್ರೆ ಶ್ರುತಿ ಯಾಕೆ ಅಲ್ಲಾಡ್ತಿದೆ?" ಅಂದರು. ಮದುವೆಗೆ ಮುಂಚೆ ನಾಲ್ಕು ವರ್ಷ ಸಂಗೀತ ಕಲಿತವರು. ಅದೇ ಹಾಡನ್ನು ಮೊಬೈಲಿನಲ್ಲಿ ಹಾಕಿ ಕೇಳಿಸಿದೆ. "ಈಗ ಸರಿ ಇದೆ ನೋಡು" ಅಂದರು. ತಪ್ಪು ನನ್ನ ರೆಕಾರ್ಡಿನದ್ದು, ಹಾಡಿನದ್ದಲ್ಲ. ಹಾಗಾಗಿ ಎಲ್‌ಪಿ ಕೊಳ್ಳುವುದಾದರೆ ಮಟ್ಟವಾಗಿದೆಯಾ ಅಂತ ಮಾರುವವರ ಹತ್ತಿರ ವಿಡಿಯೋ ಕೇಳಿ. ಇಲ್ಲವಾದರೆ ಸಿಡಿ ತಗೊಳ್ಳಿ. 2017ರ ನವೆಂಬರ್‌ನಿಂದ ಇಸಿಎಂ ಆಲ್ಬಂಗಳು ಸ್ಟ್ರೀಮಿಂಗ್‌ನಲ್ಲೂ ಇವೆ.

ಸ್ಯಾಕ್ಸ್ ಶುರುವಾದಾಗ ಅಮ್ಮ ಕೇಳಿದ ಎರಡನೇ ಪ್ರಶ್ನೆ, "ಕದ್ರಿ ಗೋಪಾಲನಾಥರಾ?" ನಮ್ಮ ಕಡೆ ಯಾರಿಗಾದರೂ ಮೊದಲು ಬರುವ ಹೆಸರು ಅದೇ ಅಲ್ವಾ. ನಾನು ಅಲ್ಲ ಅಂದೆ. ಆಮೇಲೆ ಯೋಚಿಸಿದರೆ ಪ್ರಶ್ನೆ ಸರಿಯಾಗೇ ಇತ್ತು. ಕದ್ರಿಯವರು ನಾಗಸ್ವರದ ಮನೆಯಲ್ಲಿ ಹುಟ್ಟಿದವರು, ತಂದೆ ನಾಗಸ್ವರ ನುಡಿಸುತ್ತಿದ್ದರು. ಬಾಸ್ಟನ್‌ನಲ್ಲಿ ಹುಟ್ಟಿದ ಮರಿಯಾನೋ ನಾಗಸ್ವರ ಹುಡುಕಿಕೊಂಡು ಬಂದು ಕಲಿತವರು. ಒಬ್ಬರು ಓಲಗದ ಉಸಿರನ್ನು ಸ್ಯಾಕ್ಸಿಗೆ ತುಂಬಿದರು, ಇನ್ನೊಬ್ಬರು ಸ್ಯಾಕ್ಸ್ ಹಿಡಿದೇ ಓಲಗದ ಹತ್ತಿರ ಬಂದರು. ಆದರೆ ಮರಿಯಾನೋ ವಿದ್ವಾಂಸರ ಹಾಗೆ ಕೇಳಿಸಬೇಕು ಅಂತ ಹೊರಟಿಲ್ಲ. ಗಮಕಕ್ಕೆ ಕೈ ಹಾಕುತ್ತಾರೆ, ಸಾಕು ಅನಿಸಿದ ಕಡೆ ಬಿಟ್ಟುಬಿಡುತ್ತಾರೆ. ರಮಾಮಣಿಯವರು ಒಂದು ಸಾಲು ಹಾಡಿ ನಿಲ್ಲಿಸಿದರೆ ಇವರು ತಕ್ಷಣ ನುಗ್ಗುವುದಿಲ್ಲ. ಒಂದು ಉಸಿರು ಕಾಯುತ್ತಾರೆ. ಆ ಕಾಯುವಿಕೆಗೋಸ್ಕರವೇ ನಾನು ಈ ಆಲ್ಬಂ ಮತ್ತೆ ಮತ್ತೆ ಹಾಕುತ್ತೇನೆ.

ಅದರ ಬೆಲೆ ಗೊತ್ತಾಗಬೇಕಾದರೆ ಅವರ ಹಳೆಯ ನುಡಿಸಾಣಿಕೆ ಕೇಳಬೇಕು. 1963ರ ಜನವರಿಯಲ್ಲಿ ಅಮೆರಿಕದ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಆಲ್ಬಂ ಮುದ್ರಿಸಿದರು. ಅದರಲ್ಲಿ ಆಲ್ಟೋ ಸ್ಯಾಕ್ಸ್ ಇದೇ ಮರಿಯಾನೋ. ಹನ್ನೊಂದು ಜನರ ಗದ್ದಲದ ಮೇಲೆ ಒಂದು ದನಿ ಬಿಕ್ಕಿ ಬಿಕ್ಕಿ ಅಳುತ್ತದೆ. ಭಾನುವಾರ ನಾನು ಅದರ ಐದು ನಿಮಿಷ ಹಾಕಿ, ಆಮೇಲೆ ‘ಜ್ಯೋತಿ’ಗೆ ಬಂದೆ. ನಡುವೆ ಇಪ್ಪತ್ತು ವರ್ಷ. ಅಷ್ಟು ಅತ್ತ ಮನುಷ್ಯ ಇಲ್ಲಿ ಇನ್ನೊಬ್ಬರ ಹಾಡು ಕೇಳುತ್ತಾ ಸುಮ್ನೆ ನಿಂತಿದ್ದಾರೆ. ಬಟ್ಟೆ ಅಂಗಡಿಯವರು ಮಂಡಕ್ಕಿ ತಟ್ಟೆ ಕೆಳಗಿಟ್ಟು, "ಒಬ್ಬರೇನಾ ಇಬ್ಬರೂ?" ಅಂದರು. ಜಾಝ್ ಹೌದೋ ಅಲ್ಲವೋ ಅನ್ನುವ ಜಗಳ ಅಲ್ಲಿಗೆ ನಿಂತಿತು.

ಒಂದು ದೂರು ಇದೆ. ಇಸಿಎಂನವರಿಗೆ ಧ್ವನಿಯ ಸುತ್ತ ಖಾಲಿ ಜಾಗ, ಗುಂಗು ಇಷ್ಟ. ಹಾಡಿಗೆ, ಕೊಳಲಿಗೆ ಅದು ಚೆಂದ. ಮೃದಂಗಕ್ಕೆ ಅಷ್ಟು ಹೊಂದುವುದಿಲ್ಲ. ಎಡಗಡೆಯ ಗುಮುಕಿ, ಅಂದರೆ ಆ ದಪ್ಪ ಸದ್ದು, ಎದೆಗೆ ತಾಗಬೇಕು, ಇಲ್ಲಿ ದೊಡ್ಡ ಛತ್ರದ ಆ ತುದಿಯಲ್ಲಿ ನುಡಿಸಿದ ಹಾಗಿದೆ. ಘಟ ಮತ್ತು ಖಂಜಿರ ಪಾರಾಗಿವೆ. ಬಾಯಿತಾಳ, ಅಂದರೆ ಕೊನ್ನಕ್ಕೋಲು, ಅಂತೂ ಎದುರಿಗೆ ಕೂತು ಹೇಳಿದಷ್ಟು ಸ್ಪಷ್ಟ. ನಾನು ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೆರಳು ಮಡಚಿ ಲೆಕ್ಕ ಹಾಕುತ್ತಾ ಕೂತರೆ ಆ ಜಾಗಗಳಲ್ಲಿ ನನಗೆ ಸಿಗುವ ಖುಷಿಯೇ ಬೇರೆ. ನಿಮಗೆ ಲೆಕ್ಕ ಬೇಡವಾದರೆ ಬೇಡ, ಕಾಲು ತಾನೇ ತಾಳ ಹಾಕುತ್ತದೆ.

ಜಾಝ್ ಅಂದರೆ ದೂರದ್ದು, ನಮಗಲ್ಲ ಅನ್ನುವವರು ಮನೆಯಲ್ಲಿದ್ದರೆ ಮೊದಲು ಇದನ್ನು ಹಾಕಿ. ಸಿಡಿ ಅಥವಾ ಮೊಬೈಲಾದರೂ ಪರವಾಗಿಲ್ಲ, ಆದರೆ ಫ್ಯಾನ್ ಸದ್ದು ಕಮ್ಮಿ ಇರಲಿ. ಕೊನೆಯ ‘ಭಜನ್’ ಬರುವ ಹೊತ್ತಿಗೆ ಅಮ್ಮ ಮೊರ ಕೆಳಗಿಟ್ಟು ನನ್ನ ಕುರ್ಚಿಯಲ್ಲಿ ಕೂತಿದ್ದರು. ಮುಂದಿನ ಭಾನುವಾರ ಐದನೇ ಕುರ್ಚಿ ಹಾಕು ಅಂದಿದ್ದಾರೆ.