ಎದೆಯುರಿಗೆ ಮೂರು ಮದ್ದು: ನನ್ನ ಓಟು ಫ್ಯಾಮೊಟಿಡಿನ್‌ಗೆ

ಪ್ಯಾಂಟೊಪ್ರಜೋಲ್ ಬಲವಾದ ಮಾತ್ರೆ, ಅನುಮಾನವೇ ಇಲ್ಲ. ಆದರೆ ನನಗೆ ಹೊಂದಿದ್ದು ರಾತ್ರಿ ನುಂಗುವ ಫ್ಯಾಮೊಟಿಡಿನ್. ಯಾಕೆಂದರೆ ಮೊದಲನೆಯದಕ್ಕೂ ನನ್ನ ಬೆಳಗಿನ ಚಹಾಕ್ಕೂ ಆಗಿಬರಲಿಲ್ಲ.

ನಾನು ಅಂಕೋಲಾದಿಂದ ಕಾರವಾರಕ್ಕೆ ದಿನಾ ಬಸ್ಸಲ್ಲಿ ಓಡಾಡುವವಳು. ಮನೆಗೆ ಬಂದು, ಅಡಿಗೆ ಮುಗಿಸಿ ಉಣ್ಣುವಾಗ ಹತ್ತು ಗಂಟೆ. ಬಂಗಡೆ ಸಾರು, ಅನ್ನ, ಆಮೇಲೆ ಸೀದಾ ಹಾಸಿಗೆ. ನಡುರಾತ್ರಿ ಹುಳಿತೇಗು ಗಂಟಲಿಗೇ ಬರುತ್ತಿತ್ತು.

ಡಾಕ್ಟರು ಮೊದಲು ಬರೆದಿದ್ದು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ. ತಿಂಡಿಗೆ 30ರಿಂದ 60 ನಿಮಿಷ ಮೊದಲು, ಖಾಲಿ ಹೊಟ್ಟೆಗೆ. ಕೇಳುವುದಕ್ಕೆ ಸುಲಭ, ಅಲ್ವಾ? ಆದರೆ ನನಗೆ ಎದ್ದ ಕೂಡಲೇ ಹಾಲು ಹಾಕಿದ ಚಹಾ ಬೇಕು. ಅದಿಲ್ಲದೆ ಒಲೆಯ ಮುಂದೆ ನಿಲ್ಲುವುದಕ್ಕೂ ಆಗುವುದಿಲ್ಲ. ಮಾತ್ರೆ ನುಂಗಿ, ಗಡಿಯಾರ ನೋಡುತ್ತಾ ಕೂತರೆ ತಿಂಡಿ ತಡ, ಬಸ್ಸೂ ಹೋಯಿತು.

‘ಚಹಾ ಕುಡಿದೇ ನುಂಗಿದರೆ ಏನಾಗುತ್ತದೆ ಡಾಕ್ಟ್ರೇ?’ ಎಂದು ಕೇಳಿದೆ. ಅವರು ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿ ಆಮ್ಲ ಹೊರಗೆ ಬಿಡುವ ಪಂಪುಗಳಿವೆ. ತಿಂದಾಗ ಅವು ಜೋರಾಗಿ ಶುರುವಾಗುತ್ತವೆ. ಮಾತ್ರೆ ಹಿಡಿದು ನಿಲ್ಲಿಸುವುದು ಓಡುತ್ತಿರುವ ಪಂಪುಗಳನ್ನು ಮಾತ್ರ. ಮದ್ದು ರಕ್ತದಲ್ಲಿ ಇರುವುದು ಕೆಲವೇ ಗಂಟೆ. ಹಾಗಾಗಿ ಅದು ಮೊದಲೇ ಬಂದು ಕಾಯುತ್ತಿರಬೇಕು. ಪೂರ್ತಿ ಪರಿಣಾಮ ಕಾಣಲೂ ಕೆಲವು ದಿನ ಬೇಕು. ಜಗಿಯುವಂತಿಲ್ಲ, ಪುಡಿ ಮಾಡುವಂತಿಲ್ಲ, ಮೇಲಿನ ಲೇಪ ಹಾಳಾಗುತ್ತದೆ. ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಉರಿ ಕೆಲವು ದಿನ ಜಾಸ್ತಿಯಾಗಿ ತಿರುಗಿ ಬರಬಹುದಂತೆ. ಇಷ್ಟು ಶಿಸ್ತು ನನ್ನ ಕೈಲಾಗದು.

ಇನ್ನೊಂದು ಮದ್ದು, ಆಮ್ಲ ತಗ್ಗಿಸುವ ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿ: ಹತ್ತು ನಿಮಿಷದಲ್ಲಿ ತಂಪು, ಸ್ವಲ್ಪ ಹೊತ್ತಲ್ಲಿ ಮತ್ತೆ ಉರಿ. ಶಿರಸಿ ದಾರಿಯ ದೇವಿಮನೆ ಘಟ್ಟದ ತಿರುವುಗಳಲ್ಲಿ ಚೀಲದೊಳಗೇ ಸೋರಿ ಸೀರೆ ಹಾಳು. ಆಯಿಗೆ ಅದೇ ಇಷ್ಟ. ಆದರೆ ಅವಳಿಗೆ ಥೈರಾಯ್ಡ್ ಮಾತ್ರೆಯೂ ಇದೆ, ಎರಡರ ನಡುವೆ ನಾಲ್ಕು ತಾಸು ಬಿಡಬೇಕು. ಇಲ್ಲದಿದ್ದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಇನ್ನು ಫ್ಯಾಮೊಟಿಡಿನ್. ಊಟ ಆಗಿದ್ದರೂ ನಡೆಯುತ್ತದೆ, ಆಗದಿದ್ದರೂ ನಡೆಯುತ್ತದೆ. ಒಂದು ತಾಸಿಗೆ ಕೆಲಸ ಶುರು, ಬೆಳಗಿನವರೆಗೆ ಸಾಕು. ಹಿಂದೆ ಎಲ್ಲರ ಮನೆಯಲ್ಲೂ ಇದ್ದ ರಾನಿಟಿಡಿನ್‌ನ ಬಳಗದ್ದೇ ಇದು. 2020ರಲ್ಲಿ ಅಮೆರಿಕ ಕಲ್ಮಶದ ಕಾರಣಕ್ಕೆ ಹಿಂದಕ್ಕೆ ಪಡೆಯಲು ಹೇಳಿದ್ದು ರಾನಿಟಿಡಿನ್ ಅನ್ನು, ಇದನ್ನಲ್ಲ. ದಿನಾ ನುಂಗುತ್ತಾ ಹೋದರೆ ಮೈಗೆ ರೂಢಿಯಾಗಿ ಬಲ ಕಡಿಮೆಯಾಗುತ್ತದೆ, ನನ್ನ ಮಟ್ಟಿಗೆ ಅದೊಂದೇ ಕೊರತೆ. ಅದಕ್ಕೆ ಡಾಕ್ಟರು ಹೇಳಿದಂತೆ ಮೀನು, ಖಾರ ಜೋರಾದ ರಾತ್ರಿ ಮಾತ್ರ ನುಂಗುತ್ತೇನೆ. ಜನೌಷಧಿ ಕೇಂದ್ರದಲ್ಲಿ ಕೊಂಡರೆ ಪರ್ಸಿಗೂ ಹಗುರ.

ಆದರೆ ಅಲ್ಸರ್ ಇದೆ ಎಂದು ಗೊತ್ತಾದವರು, ನೋವಿನ ಮಾತ್ರೆ ದಿನಾ ನುಂಗುವವರು ನನ್ನ ಮಾತು ಕೇಳಬೇಡಿ. ಹೊಟ್ಟೆಯ ಹುಣ್ಣು ಮಾಗಿಸುವುದರಲ್ಲಿ ಪ್ಯಾಂಟೊಪ್ರಜೋಲೇ ಮೇಲು. ಕಿಡ್ನಿ ತೊಂದರೆ ಇದ್ದರೆ ಫ್ಯಾಮೊಟಿಡಿನ್ ಪ್ರಮಾಣ ಇಳಿಸಬೇಕಾಗುತ್ತದೆ. ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ ಮಾತ್ರೆ ಬದಲಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.