ಸ್ಟ್ರಕ್ಚರಲ್ ಆಡಿಟ್ ಸೇವೆ: ಸುತ್ತಿಗೆ ಬಡಿದು ಹೋದರೆ ಸಾಲದು

5ರಲ್ಲಿ 3 ಅಂಕ

2018ರ ಜುಲೈ 3ರ ಬೆಳಿಗ್ಗೆ ಮುಂಬಯಿಯ ಅಂಧೇರಿಯಲ್ಲಿ ಗೋಖಲೆ ಸೇತುವೆಯ ಕಾಲುದಾರಿ ಹಳಿಗಳ ಮೇಲೆ ಕುಸಿಯಿತು. ಪೂರ್ವದಿಂದ ಇರ್ಲಾದ ಅದಮಾರು ಮಠದ ಕಡೆ ಹೋಗುವ ಕನ್ನಡಿಗರಿಗೆಲ್ಲ ಆ ದಾರಿ ಗೊತ್ತು. ರೈಲ್ವೆ ತನಿಖೆ ಬೊಟ್ಟುಮಾಡಿದ್ದು ತುಕ್ಕಿನ ಕಡೆಗೆ, ಜೊತೆಗೆ ವರ್ಷಗಳಿಂದ ಮೇಲೆ ಹೇರುತ್ತ ಬಂದ ಪೇವರ್ ಬ್ಲಾಕ್, ಮರಳು, ಕೇಬಲ್‌ಗಳ ಭಾರದ ಕಡೆಗೆ. ಮರುವರ್ಷ ಮಾರ್ಚ್ 14ರಂದು ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದ ಹಿಮಾಲಯ ಸೇತುವೆ ಬಿತ್ತು. ಅದರ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿತನದ ತಪಾಸಣೆ, ಆಗಿತ್ತು, ಸಣ್ಣಪುಟ್ಟ ರಿಪೇರಿ ಸಾಕು ಎಂಬ ವರದಿಯೂ ಇತ್ತು! ಹಾಗಾಗಿ ಮೂವತ್ತು ವರ್ಷ ದಾಟಿದ ಕಟ್ಟಡದಲ್ಲಿ ಇರುವವರು ವರದಿಯ ಕೊನೆಯ ಪುಟವನ್ನಲ್ಲ, ಪರೀಕ್ಷೆ ಮಾಡಿದ ಕ್ರಮವನ್ನು ನೋಡಬೇಕು.

ಅಂಧೇರಿ ಪೂರ್ವದ ನಾಲ್ಕು ಮಾಳಿಗೆಯ ಸೊಸೈಟಿಯೊಂದಕ್ಕೆ ಬಂದ ತಂಡದ ಕೆಲಸ ಹೀಗಿತ್ತು.

ಸ್ಪ್ರಿಂಗ್ ಸುತ್ತಿಗೆ ಬಡಿದು, ಅದು ಎಷ್ಟು ಪುಟಿಯುತ್ತದೆ ಎಂಬುದರಿಂದ ಕಾಂಕ್ರೀಟಿನ ಬಲ ಅಂದಾಜಿಸುವ ರಿಬೌಂಡ್ ಹ್ಯಾಮರ್ ಪರೀಕ್ಷೆ ನಿರಾಸೆ ತಂದಿತು. ಕೆಲವು ಕಂಬಗಳಲ್ಲಿ ಪ್ಲಾಸ್ಟರ್ ಕೆತ್ತದೆಯೇ ಬಡಿದರು. ಹಾಗೆ ಬಡಿದರೆ ಸಿಗುವುದು ಪ್ಲಾಸ್ಟರಿನ ಅಂಕಿ, ಕಾಂಕ್ರೀಟಿನದಲ್ಲ. ಕೆತ್ತಿ ಬಡಿದರೂ ಜಾಗ್ರತೆ ಬೇಕು: ಹಳೆಯ ಕಾಂಕ್ರೀಟಿನ ಮೇಲ್ಮೈ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಆಗುವ ಕಾರ್ಬೊನೇಶನ್‌ನಿಂದ ಗಟ್ಟಿಯಾಗುವ ಕಾರಣ ಇಲ್ಲದ ಬಲ ಇದ್ದಂತೆ ತೋರುತ್ತದೆ. ಇದೊಂದನ್ನೇ ನಂಬಿ ಕಟ್ಟಡ ಗಟ್ಟಿ ಎನ್ನುವವರಿಗೆ ಕೆಲಸ ಕೊಡಬೇಡಿ.

ಅಲ್ಟ್ರಾಸಾನಿಕ್ ಪರೀಕ್ಷೆ ಚೆನ್ನಾಗಿ ಮಾಡಿದರು. ಕಂಬದ ಎದುರುಬದುರು ಮುಖಗಳಿಗೆ ಪ್ರೋಬ್ ಹಿಡಿದು, ಗ್ರೀಸ್ ಹಚ್ಚಿ, ಶಬ್ದದ ಅಲೆ ಕಾಂಕ್ರೀಟಿನೊಳಗೆ ಸಾಗುವ ವೇಗ ಅಳೆದರು. ಸೆಕೆಂಡಿಗೆ 3.5 ಕಿಲೋಮೀಟರ್ ಮೇಲಿದ್ದರೆ ಒಳ್ಳೆಯದು, 3ಕ್ಕಿಂತ ಕೆಳಗಿದ್ದರೆ ಅನುಮಾನ. ಕ್ಷಾರ ಇದ್ದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದ್ದೂ ಸರಿಯಾಗಿತ್ತು. ಹೊಸದಾಗಿ ಒಡೆದ ಕಾಂಕ್ರೀಟ್ ಗುಲಾಬಿಯಾದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕಿನಿಂದ ರಕ್ಷಣೆ ಉಳಿದಿದೆ. ಬಣ್ಣ ಬಾರದ ಪದರ ಸರಳಿನವರೆಗೂ ಇಳಿದಿದ್ದರೆ ಆ ರಕ್ಷಣೆ ಹೋಗಿದೆ ಎಂದರ್ಥ.

ಬಿಟ್ಟದ್ದು ಮಾತ್ರ ಎಲ್ಲಕ್ಕಿಂತ ಮುಖ್ಯವಾದ ಎರಡನ್ನು. ಒಂದು, ಹಾಫ್‌ಸೆಲ್. ಸರಳಿಗೆ ತಂತಿ ಜೋಡಿಸಿ, ಮೇಲ್ಮೈ ಒದ್ದೆ ಮಾಡಿ ವಿದ್ಯುತ್ ವಿಭವ ಅಳೆಯುವ ಈ ಪರೀಕ್ಷೆಯಲ್ಲಿ ತಾಮ್ರ-ಸಲ್ಫೇಟ್ ಎಲೆಕ್ಟ್ರೋಡ್ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ತೋರಿಸಿದರೆ ತುಕ್ಕು ನಡೆಯುತ್ತಿರುವ ಸಂಭವ ಶೇ. 90ಕ್ಕೂ ಹೆಚ್ಚು. ಬಿರುಕು ಕಾಣುವ ಮೊದಲೇ ತುಕ್ಕಿನ ಸುಳಿವು ಕೊಡುವುದು ಇದು. ಸಮುದ್ರದ ಉಪ್ಪುಗಾಳಿಯ ಊರಿನಲ್ಲಿ ಇದನ್ನು ಬಿಟ್ಟದ್ದು ದೊಡ್ಡ ತಪ್ಪು.

ಎರಡು, ಆಮೇಲೆ ಹೇರಿದ ಭಾರದ ಲೆಕ್ಕ. ತಾರಸಿ ಸೋರಿದಾಗಲೆಲ್ಲ ಹಳೆಯ ಬ್ರಿಕ್‌ಬ್ಯಾಟ್ ಕೋಬಾ (ನೀರು ತಡೆಯಲು ಹಾಕುವ ಇಟ್ಟಿಗೆ ಚೂರಿನ ಪದರ) ಕಿತ್ತುಹಾಕದೆ ಅದರ ಮೇಲೇ ಇನ್ನೊಂದು ಪದರ ಹಾಕುವುದು ಮುಂಬಯಿಯ ರೂಢಿ. ನಾಲ್ಕು ಅಂಗುಲದ ಒಂದು ಪದರ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. 10,000 ಲೀಟರಿನ ಟ್ಯಾಂಕ್ ಕೂರಿಸಿದರೆ ನೀರೇ 10 ಟನ್. ಗೋಖಲೆ ಸೇತುವೆಯ ಪೇವರ್ ಬ್ಲಾಕ್ ಕಥೆಯೇ ಇಲ್ಲೂ ನಡೆಯುತ್ತಿದೆ, ವರದಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ತಂಡದ ತೀರ್ಪು ಮುಂಬಯಿ ಪಾಲಿಕೆಯ ವರ್ಗಗಳಲ್ಲಿ ಸಿ2-ಬಿ, ಅಂದರೆ ಮನೆ ಖಾಲಿ ಮಾಡದೆ ರಿಪೇರಿ. ಕಂಬಗಳ ನಕ್ಷೆ, ಫೋಟೋಗಳು ಅಚ್ಚುಕಟ್ಟಾಗಿವೆ.

ನೀವು ಕರೆಸುವುದಾದರೆ ಕೊಟೇಶನ್‌ನಲ್ಲೇ ಹಾಫ್‌ಸೆಲ್ ಬಿಂದುಗಳ ಸಂಖ್ಯೆಯನ್ನೂ ತಾರಸಿಯ ಭಾರದ ಲೆಕ್ಕವನ್ನೂ ಬರೆಸಿಕೊಳ್ಳಿ. ಆ ಎರಡೂ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.