ಬೂದು ಬಕದ ಗೂಡುಗಳ ಲೆಕ್ಕ: ‘ಬರ್ಡ್‌ಟ್ರೆಂಡ್ಸ್’ ಜಾಲತಾಣದ ವಿಮರ್ಶೆ

ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಸಂಸ್ಥೆಯ ‘ಬರ್ಡ್‌ಟ್ರೆಂಡ್ಸ್’ ಎಂಬ ಉಚಿತ ಸೇವೆಯಲ್ಲಿ ಬ್ರಿಟನ್ನಿನ ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳ ಸಂಖ್ಯೆಯ ಏರಿಳಿತವನ್ನು ನೋಡಬಹುದು. ನಾನು ಹೆಚ್ಚು ಹೊತ್ತು ಕಳೆದದ್ದು ಬೂದು ಬಕದ ಪುಟದಲ್ಲಿ. ನಮ್ಮ ಕೆರೆಗಳ ಅಂಚಿನಲ್ಲಿಯೂ ಅಲುಗಾಡದೆ ಮೀನಿಗೆ ಕಾಯುವ ಈ ಹಕ್ಕಿಯ ಗೂಡುಗಳನ್ನು ಅಲ್ಲಿ 1928ರಿಂದ ಎಣಿಸುತ್ತ ಬಂದಿದ್ದಾರೆ. ಮರಿ ಮಾಡುವ ಕಾಲದ ಹಕ್ಕಿಗಣತಿಗಳಲ್ಲಿ ಜಗತ್ತಿನಲ್ಲೇ ಅತಿ ದೀರ್ಘಕಾಲದಿಂದ ನಡೆಯುತ್ತಿರುವುದು ಇದೇ.

ಬಕಗಳು ಎತ್ತರದ ಮರಗಳಲ್ಲಿ ಗುಂಪಾಗಿ ಗೂಡು ಕಟ್ಟುತ್ತವೆ, ವರ್ಷವರ್ಷವೂ ಅದೇ ತಾಣಕ್ಕೆ ಮರಳುತ್ತವೆ, ಫೆಬ್ರವರಿಯಿಂದಲೇ ಮೊಟ್ಟೆಯಿಡಲು ತೊಡಗುತ್ತವೆ. ಹೀಗಾಗಿ ಸ್ವಯಂಸೇವಕರು ಹಾರಾಡುವ ಹಕ್ಕಿಗಳ ಬೆನ್ನು ಹತ್ತದೆ, ಬಳಕೆಯಲ್ಲಿರುವ ಗೂಡುಗಳನ್ನು ಎಣಿಸಿದರೆ ಸಾಕಾಗುತ್ತದೆ.

ಈ ಪುಟದ ನಿಜವಾದ ಬೆಲೆ ಇರುವುದು ಅದರ ನಕ್ಷೆಯಲ್ಲಿ. 1947ರ ಮತ್ತು 1962–63ರ ಕಡುಚಳಿಗಾಲಗಳಲ್ಲಿ ನೀರು ಹೆಪ್ಪುಗಟ್ಟಿ, ಮೀನು ಸಿಗದೆ ಬಕಗಳು ಸತ್ತ ಬಳಿಕ ಗೆರೆ ಥಟ್ಟನೆ ಕುಸಿದಿದೆ. ಮುಂದಿನ ಕೆಲವು ವರ್ಷಗಳಲ್ಲಿ ಮತ್ತೆ ಮೇಲೇರಿದೆ. ಮನುಷ್ಯರ ಬೇಟೆ ಕಡಿಮೆಯಾದದ್ದು, ನದಿಗಳ ನೀರು ತಿಳಿಯಾದದ್ದು, ಜಲ್ಲಿಕಲ್ಲು ತೆಗೆದ ಗುಂಡಿಗಳು ಕೆರೆಗಳಾದದ್ದು, ಇವೆಲ್ಲ ದೀರ್ಘಕಾಲದ ಏರಿಕೆಗೆ ನೆರವಾದವು. ಈ ಶತಮಾನದ ಆರಂಭದ ನಂತರ ಗೆರೆ ಮತ್ತೆ ಇಳಿಮುಖವಾಗಿದೆ. 1963ರಲ್ಲಿ ಎಣಿಕೆ ಆರಂಭಿಸಿದ್ದವರಿಗೆ ಬಹುಕಾಲ ಬರಿಯ ಏರಿಕೆಯೇ ಕಾಣುತ್ತಿತ್ತು. 2003ರಲ್ಲಿ ಆರಂಭಿಸಿದ್ದರೆ ಇಳಿಕೆ ಮಾತ್ರ. ಹತ್ತು ವರ್ಷದ ಅಂಕಿಗಳನ್ನು ಹಿಡಿದು ಹಕ್ಕಿಯೊಂದರ ಭವಿಷ್ಯ ಹೇಳುವುದು ಎಷ್ಟು ಅಪಾಯಕಾರಿ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ.

ಆದರೂ ಓದುಗರು ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗೂಡಿನ ಲೆಕ್ಕದಲ್ಲಿ ಇನ್ನೂ ಜೋಡಿಯಾಗದ ಎಳೆಯ ಬಕಗಳು ಸೇರುವುದಿಲ್ಲ. ಎಲ್ಲ ತಾಣಗಳನ್ನೂ ಪ್ರತಿ ವರ್ಷ ಎಣಿಸಲಾಗುವುದಿಲ್ಲವಾದ್ದರಿಂದ, ಬಿಟ್ಟುಹೋದ ತಾಣಗಳ ಸಂಖ್ಯೆಯನ್ನು ಅಂದಾಜಿನಿಂದ ತುಂಬಿಕೊಳ್ಳಬೇಕಾಗುತ್ತದೆ.

ನಮ್ಮಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಜಾಲತಾಣ ಇದಕ್ಕೆ ಹತ್ತಿರವಾದುದು. 2023ರ ವರದಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿದರೂ, ದೀರ್ಘಾವಧಿಯ ಏರಿಳಿತವನ್ನು ಹೇಳಲು ಸಾಧ್ಯವಾದದ್ದು 338ಕ್ಕೆ ಮಾತ್ರ. ಅದರ ಆಧಾರ ಹಕ್ಕಿವೀಕ್ಷಕರ ಪಟ್ಟಿಗಳೇ ಹೊರತು ಗೂಡುಗಳ ಎಣಿಕೆಯಲ್ಲ. ಹಳೆಯ ದಾಖಲೆಗಳು ವಿರಳವಾಗಿರುವ ದೇಶದಲ್ಲಿ ಅಷ್ಟನ್ನು ಸಾಧಿಸಿರುವುದೇ ದೊಡ್ಡ ಕೆಲಸ ಎಂದು ನಾನು ಭಾವಿಸುತ್ತೇನೆ. ಆದರೆ ಕೊಕ್ಕರೆಬೆಳ್ಳೂರಿನಂತಹ ಊರುಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವಾಗ, ಬ್ರಿಟನ್ನಿನ ವಿಧಾನ ಇಲ್ಲಿಯೂ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಗೂಡು ಎಣಿಸುವ ಯಾರೇ ಆಗಲಿ, ಬೂದು ಬಕದ ಪುಟವನ್ನು ತೆರೆದಾಗ ನಕ್ಷೆಗಿಂತ ಮೊದಲು ಎಣಿಕೆಯ ವಿಧಾನದ ವಿವರಣೆಯನ್ನು ಓದಬೇಕೆಂದು ಕೋರುತ್ತೇನೆ.